ಫ್ಯೂಸ್ ಹೋಯಿತೆಂದು ದೊಡ್ಡ ಫ್ಯೂಸ್ ಹಾಕಿದೆ, ಟ್ಯೂಬ್ ಆಂಪನ್ನೇ ಸುಟ್ಟುಕೊಂಡೆ

ನಿಮ್ಮ ಟ್ಯೂಬ್ ಆಂಪಿನ (ಗಾಜಿನ ವಾಲ್ವ್‌ಗಳಿಂದ ಸದ್ದು ದೊಡ್ಡದು ಮಾಡೋ ಆಂಪ್ಲಿಫೈಯರ್) ಫ್ಯೂಸ್ ಪದೇ ಪದೇ ಹೋಗ್ತಾ ಇದ್ದರೆ, ಇನ್ನೊಂದು ಹಾಕೋ ಮುಂಚೆ ಇದನ್ನು ಓದಿ. ನಾನು ಮಾಡಿದ ದಡ್ಡತನ ಒಂದಲ್ಲ, ಸಾಲಾಗಿ ನಾಲ್ಕು. ನಗೋರು ನಗಲಿ, ಮುಚ್ಚಿಡದೆ ಬರೀತೀನಿ.

ನನ್ನದು 50 ವ್ಯಾಟಿನ ಗಿಟಾರ್ ಆಂಪ್. ಸ್ಪೀಕರಿಗೆ ಶಕ್ತಿ ಕೊಡೋ ಪವರ್ ಕಡೆ ಎರಡು ಇಎಲ್34 ಟ್ಯೂಬ್, ಅದಕ್ಕೂ ಮುಂಚಿನ ಪ್ರೀಆಂಪಿನಲ್ಲಿ ಮೂರು ಚಿಕ್ಕ 12ಎಎಕ್ಸ್7 ಟ್ಯೂಬ್. ಸೆಕೆಂಡ್ ಹ್ಯಾಂಡ್ ತಗೊಂಡಿದ್ದು, ಎರಡು ವರ್ಷ ಒಂದು ತಕರಾರಿಲ್ಲ. ಆಮೇಲೆ ಒಂದು ಸಂಜೆ ನುಡಿಸ್ತಾ ನುಡಿಸ್ತಾ ಹತ್ತು ನಿಮಿಷಕ್ಕೆ ಸದ್ದು ಸೊರಗಿತು, ಜೊತೆಗೆ ಜುಂಯ್ ಅಂತ ಹಮ್ ಎದ್ದಿತು. ಹಿಂದೆ ಬಗ್ಗಿ ನೋಡಿದರೆ ಬಲಗಡೆ ಪವರ್ ಟ್ಯೂಬಿನ ಒಳಗಿನ ತಗಡು ಕೆಂಪಗೆ ಕಾದಿದೆ. ಹೀಟರಿನ ಕಿತ್ತಳೆ ಬೆಳಕಲ್ಲ, ಅದು ಯಾವಾಗಲೂ ಇರೋದೇ. ಇದು ಬೂದು ಬಣ್ಣದ ಪ್ಲೇಟಿನ ಮಧ್ಯದಲ್ಲಿ ಉಗುರಗಲ ಶುರುವಾಗಿ, ನೋಡ್ತಾ ಇದ್ದ ಹಾಗೇ ಹರಡ್ತಿದ್ದ ಮಂಕು ಕೆಂಪು. ಸ್ಟ್ಯಾಂಡ್‌ಬೈ ಸ್ವಿಚ್ಚಿಗೆ ಕೈ ಹೋಗೋ ಅಷ್ಟರಲ್ಲಿ ಪಟ್ ಅಂತು. ಫ್ಯೂಸ್ ಹೋಯಿತು.

ಪ್ಲೇಟ್ ಕೆಂಪಾಗೋದು ಅಂದರೆ ಏನು ಅಂತ ಆಗ ನನಗೆ ಸರಿಯಾಗಿ ಗೊತ್ತಿರಲಿಲ್ಲ. ಇಎಲ್34ರ ಪ್ಲೇಟ್ ತಡೆಯೋ ಶಾಖದ ಮಿತಿ 25 ವ್ಯಾಟ್. ಟ್ಯೂಬಿನ ಒಳಗೆ ಕರೆಂಟನ್ನು ನಿಯಂತ್ರಿಸೋ ಗ್ರಿಡ್ಡಿಗೆ ಕೊಡೋ ನೆಗೆಟಿವ್ ವೋಲ್ಟೇಜ್ ಇದೆಯಲ್ಲ, ಬಯಾಸ್ ಅಂತೀವಲ್ಲ, ಅದೇ ಕರೆಂಟನ್ನು ಹಿಡಿದಿಡೋದು. ಅದು ಕಮ್ಮಿಯಾದರೆ ಕರೆಂಟ್ ಮಿತಿ ಮೀರಿ ಹರಿಯುತ್ತೆ, ಪ್ಲೇಟ್ ಕಾದು ಕೆಂಪಾಗುತ್ತೆ. ಅಂದರೆ ಕೆಂಪು ಕಂಡ ತಕ್ಷಣ ಆಫ್ ಮಾಡಬೇಕು, ‘ಇನ್ನೊಂದು ಸಲ ನೋಡೋಣ’ ಅನ್ನೋದೇ ಇಲ್ಲ.

ನಾನು ಇನ್ನೂ ಆರೇಳು ಸಲ ನೋಡಿದೆ.

ಗೆಳೆಯ ಫೋನಿನಲ್ಲಿ “ಟ್ಯೂಬ್ ಹೋಗಿರತ್ತೆ ಕಣೋ, ಜೋಡಿ ಬದಲಾಯಿಸಿಬಿಡು” ಅಂದ. ಅವನ ತಪ್ಪಿಲ್ಲ, ಎಷ್ಟೋ ಸಲ ಟ್ಯೂಬೇ ಹೋಗಿರೋದು. ಹೊಸ ಜೋಡಿ ತರಿಸಿದೆ, ಹಾಕಿದೆ. ಹತ್ತು ನಿಮಿಷಕ್ಕೆ ಮತ್ತೆ ಕೆಂಪು, ಮತ್ತೆ ಬಲಗಡೆಯದೇ. ಅಲ್ಲೇ ಉತ್ತರ ಇತ್ತು, ನನಗೆ ಕಾಣಲಿಲ್ಲ. ಹೊಸದು ತರೋ ಮೊದಲು ಹಳೇ ಟ್ಯೂಬುಗಳನ್ನೇ ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ ಹಾಕಿ ಕಣ್ಣಿಟ್ಟು ಕೂತಿದ್ದರೆ ಸಾಕಿತ್ತು. ಕೆಂಪು ಟ್ಯೂಬಿನ ಜೊತೆ ಜಾಗ ಬದಲಾಯಿಸಿದರೆ ಟ್ಯೂಬ್ ಕೆಟ್ಟಿದೆ. ಅದೇ ಸಾಕೆಟ್ಟಿನಲ್ಲೇ ಉಳಿದರೆ ಟ್ಯೂಬ್ ಪಾಪ ಏನೂ ಮಾಡಿಲ್ಲ, ಸರ್ಕ್ಯೂಟಿನಲ್ಲಿ ತೊಂದರೆ ಇದೆ. ಕಾಸಿಲ್ಲದ ಪರೀಕ್ಷೆ. ನಾನು ಅದನ್ನು ಬಿಟ್ಟು ಹೊಸ ಟ್ಯೂಬನ್ನೂ ಬೇಯಿಸಿದೆ.

ಇಷ್ಟರಲ್ಲಿ ಫ್ಯೂಸ್ ಖಾಲಿ. ಆಂಪಿನ ಹಿಂದೆ 2 ಆಂಪಿಯರ್, ಸ್ಲೋ ಬ್ಲೋ (ಕ್ಷಣದ ಏರಿಕೆಗೆ ಹೋಗದೆ ತಡೆಯೋದು) ಅಂತ ಸ್ಪಷ್ಟವಾಗಿ ಬರೆದಿದೆ. ಡಬ್ಬಿಯಲ್ಲಿ ಸಿಕ್ಕಿದ್ದು 5 ಆಂಪಿಯರಿಂದು. ‘ಸುಮ್ನೆ ಒಂದೇ ಒಂದು ಸಲ, ಎಲ್ಲಿ ತೊಂದರೆ ಅಂತ ನೋಡೋಕೆ’ ಅಂತ ನನಗೆ ನಾನೇ ಹೇಳಿಕೊಂಡು ಅದನ್ನೇ ಹಾಕಿದೆ. ಇನ್ನೊಂದು ಘನಕಾರ್ಯ: ಆಗ ರಾತ್ರಿ ಹನ್ನೊಂದು ದಾಟಿತ್ತು, ಮನೆಯವರು ಮಲಗಿದ್ದರು, ಹಮ್ ಕೇಳಿಸಬಾರದು ಅಂತ ಸ್ಪೀಕರ್ ಕೇಬಲ್ ಕಿತ್ತುಬಿಟ್ಟೆ. ಗೊತ್ತಿಲ್ಲದವರಿಗೆ ಹೇಳ್ತೀನಿ, ಟ್ಯೂಬ್ ಆಂಪಿಗೆ ಸ್ಪೀಕರ್ ಇಲ್ಲದೆ ಸಿಗ್ನಲ್ ಕೊಡಬಾರದು. ಟ್ಯೂಬಿನಿಂದ ಸ್ಪೀಕರಿಗೆ ಶಕ್ತಿ ದಾಟಿಸೋ ಔಟ್‌ಪುಟ್ ಟ್ರಾನ್ಸ್‌ಫಾರ್ಮರಿಗೆ ಶಕ್ತಿ ಇಳಿಸೋಕೆ ಜಾಗ ಸಿಗದೆ ಪ್ಲೇಟಿನ ಕಡೆ ವೋಲ್ಟೇಜ್ ವಿಪರೀತ ಏರಿ, ಸುರುಳಿಯ ಇನ್ಸುಲೇಶನ್ನನ್ನೇ ಸೀಳುತ್ತೆ. ನನ್ನ ಗಿಟಾರ್ ಸಿಕ್ಕಿಸಿಯೇ ಇತ್ತು, ತಂತಿ ಒಂದೆರಡು ಸಲ ಮೀಟಿಯೂ ಇದ್ದೆ.

ಈ ಸಲ ಫ್ಯೂಸ್ ಹೋಗಲಿಲ್ಲ. ಮೊದಲು ಸುಟ್ಟ ಬಣ್ಣದ ವಾಸನೆ, ಆಮೇಲೆ ಮೀನಿನ ಥರ ಒಂದು ಕೆಟ್ಟ ವಾಸನೆ, ಆಮೇಲೆ ಹಿಂದಿನ ಜಾಲರಿಯಿಂದ ಹೊಗೆ. ಪ್ಲಗ್ ಕಿತ್ತೆ.

ನಾಲ್ಕನೇದು ಹೇಳೋಕೆ ಈಗಲೂ ಮೈ ಜುಮ್ಮೆನ್ನುತ್ತೆ. ಪ್ಲಗ್ ಕಿತ್ತಿದೆ ಅಲ್ವಾ, ಇನ್ನೇನು ಭಯ ಅಂತ ಸ್ಕ್ರೂ ಬಿಚ್ಚಿ ಷಾಸಿ, ಅಂದರೆ ಒಳಗಿನ ಲೋಹದ ಚೌಕಟ್ಟು, ಹೊರಗೆ ತೆಗೆದೆ. ಸುಟ್ಟ ರೆಸಿಸ್ಟರ್ ಯಾವುದು ಅಂತ ಹುಡುಕೋವಾಗ ಬೆರಳಿನ ಗೆಣ್ಣು, ವಿದ್ಯುತ್ತನ್ನು ಕೂಡಿಟ್ಟುಕೊಳ್ಳೋ ಫಿಲ್ಟರ್ ಕೆಪಾಸಿಟರಿನ ತುದಿಗೆ ತಾಗಿತು. ಕೈ ತಾನಾಗೇ ಹಿಂದಕ್ಕೆ ಎಸೆದ ಹಾಗಾಗಿ ಮೊಣಕೈ ಗೋಡೆಗೆ ಬಡೀತು, ಷಾಸಿಯ ಅಂಚು ತಾಗಿ ಮುಂಗೈ ಹರಿಯಿತು. ಆ ಕೆಪಾಸಿಟರುಗಳಲ್ಲಿ 400 ವೋಲ್ಟಿನ ಮೇಲೆ ಡಿಸಿ ಕೂತಿರುತ್ತೆ, ಪ್ಲಗ್ ಕಿತ್ತ ಮೇಲೂ. ಅದನ್ನು ಖಾಲಿ ಮಾಡೋ ಬ್ಲೀಡರ್ ರೆಸಿಸ್ಟರ್ ಎಲ್ಲ ಆಂಪಿನಲ್ಲೂ ಇರೋದಿಲ್ಲ, ಇದ್ದರೂ ಅದೇ ಸುಟ್ಟಿರಬಹುದು. ಇನ್ನೊಂದು ಕೈ ಷಾಸಿ ಮೇಲೆ ಇಟ್ಟಿದ್ದಿದ್ದರೆ ಎದೆಯ ಮೂಲಕ ಹರಿಯುತ್ತಿತ್ತು. ಅದೃಷ್ಟಕ್ಕೆ ಆ ಕೈಯಲ್ಲಿ ಟಾರ್ಚ್ ಇತ್ತು.

ಸ್ಕ್ರೂಡ್ರೈವರ್ ಅಡ್ಡ ಹಿಡಿದು ಡಿಸ್ಚಾರ್ಜ್ ಮಾಡಿ ಅಂತ ಹೇಳೋರಿದ್ದಾರೆ. ಅದೂ ಬೇಡ, ಕಿಡಿ ಹಾರುತ್ತೆ, ಕೆಪಾಸಿಟರಿಗೂ ಹೊಡೆತ. 100 ಕಿಲೋ ಓಮ್, 5 ವ್ಯಾಟಿನ ರೆಸಿಸ್ಟರಿಗೆ ಒಳ್ಳೆ ಇನ್ಸುಲೇಶನ್ ಇರೋ ಕ್ಲಿಪ್ ವೈರ್ ಬೆಸುಗೆ ಹಾಕಿ, ಒಂದು ತುದಿ ಮೊದಲು ಷಾಸಿಗೆ, ಇನ್ನೊಂದು ಕೆಪಾಸಿಟರಿನ ಪಾಸಿಟಿವ್‌ಗೆ, ಒಂದು ನಿಮಿಷಕ್ಕಿಂತ ಜಾಸ್ತಿನೇ ಬಿಡಿ. ಆಮೇಲೆ ಮೀಟರ್ ಇಟ್ಟು ನೋಡಿ. ಸೊನ್ನೆಯ ಹತ್ತಿರ ಬಂದಿದೆ ಅಂತ ಕಣ್ಣಾರೆ ಕಾಣೋ ತನಕ ಕೈ ಜೇಬಿನಲ್ಲಿರಲಿ.

ಕೊನೆಗೆ ಹಳೇ ವಾಲ್ವ್ ರೇಡಿಯೋ ರಿಪೇರಿ ಮಾಡ್ತಿದ್ದ ಹಿರಿಯರೊಬ್ಬರ ಹತ್ತಿರ ಹೊತ್ತುಕೊಂಡು ಹೋದೆ. ಅವರು ಬೇರೇನೂ ನೋಡೋಕೆ ಮುಂಚೆ ಫ್ಯೂಸ್ ತಿರುಗಿಸಿ ತೆಗೆದು ಬೆಳಕಿಗೆ ಹಿಡಿದರು.

“ಇದನ್ನ ಯಾರಪ್ಪಾ ಹಾಕಿದ್ದು?”

“ನಾನೇ ಸರ್.”

“ನೋಡು, ಫ್ಯೂಸ್ ಗಟ್ಟಿಮುಟ್ಟಾಗಿದೆ. ಮಿಕ್ಕಿದ್ದೆಲ್ಲ ಹೋಗಿದೆ.”

ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನ ನಡು ತಂತಿಯಿಂದ ಒಂದು ಪ್ಲೇಟಿಗೆ ಮೀಟರ್ ಹಿಡಿದರೆ 40 ಓಮ್ ಚಿಲ್ಲರೆ. ಇನ್ನೊಂದು ಕಡೆ ಏನೂ ಇಲ್ಲ, ಒಳಗೆ ಸುರುಳಿ ಕಡಿದಿದೆ. ಬಲಗಡೆ ಸಾಕೆಟ್ಟಿನ ಸ್ಕ್ರೀನ್ ರೆಸಿಸ್ಟರ್ ಇದ್ದಿಲಾಗಿತ್ತು. ಟ್ರಾನ್ಸ್‌ಫಾರ್ಮರ್ ಸತ್ತಿದ್ದು ದೊಡ್ಡ ಫ್ಯೂಸಿನಿಂದಲೋ, ಸ್ಪೀಕರ್ ಕಿತ್ತಿದ್ದರಿಂದಲೋ ಅಂತ ಕೇಳಿದೆ. “ಇಬ್ಬರೂ ಸೇರಿ ಹೊಡೆದಿದ್ದಾರೆ, ಯಾರ ಏಟು ಅಂತ ಹೇಗೆ ಹೇಳಲಿ?” ಅಂದರು.

ಮೂಲ ತೊಂದರೆ ಹುಡುಕೋಕೆ ಅವರಿಗೆ ಬೇಕಾಗಿದ್ದು ಐದು ನಿಮಿಷ. ಪವರ್ ಟ್ಯೂಬ್ ಎರಡೂ ಕಿತ್ತು, ಆಂಪ್ ಆನ್ ಮಾಡಿ, ಮೀಟರಿನ ಕಪ್ಪು ತಂತಿ ಷಾಸಿಗೆ ಕ್ಲಿಪ್ ಮಾಡಿ, ಒಂದು ಕೈ ಬೆನ್ನ ಹಿಂದೆ ಇಟ್ಟುಕೊಂಡು, ಎರಡೂ ಸಾಕೆಟ್ಟಿನ 5ನೇ ಪಿನ್, ಅಂದರೆ ಗ್ರಿಡ್ಡಿನ ಪಿನ್, ನೋಡಿದರು. ಎಡಗಡೆ ಮೈನಸ್ 38 ವೋಲ್ಟ್. ಬಲಗಡೆ ಮೈನಸ್ 21, ಅದೂ ಮೆಲ್ಲಗೆ ಇನ್ನೂ ಸೊನ್ನೆಯ ಕಡೆಗೆ ಹೋಗ್ತಾ ಇದೆ. ಹಿಂದಿನ ಹಂತದ ಪ್ಲೇಟಿಂದ ಡಿಸಿ ಬರದ ಹಾಗೆ ತಡೆಯಬೇಕಾದ 0.022 ಮೈಕ್ರೋಫ್ಯಾರಡ್ ಕಪ್ಲಿಂಗ್ ಕೆಪಾಸಿಟರ್ ಸೋರುತ್ತಿತ್ತು. ಕಾದ ಹಾಗೆಲ್ಲ ಜಾಸ್ತಿ ಸೋರೋದು, ಅದಕ್ಕೇ ಹತ್ತು ನಿಮಿಷದ ಲೆಕ್ಕ. ಹುಣಸೆ ಬೀಜದಷ್ಟಿದೆ ಅದು. ಆಂಪಿನ ಒಳಗಿನ ಅತಿ ಅಗ್ಗದ ಸಾಮಾನುಗಳಲ್ಲಿ ಒಂದು.

ಅವರು ರಿಪೇರಿ ಆಂಪನ್ನು ನೇರವಾಗಿ ಗೋಡೆಗೆ ಸಿಕ್ಕಿಸೋದೇ ಇಲ್ಲ, ಸೀರೀಸ್ ಲ್ಯಾಂಪಿನ ಮೂಲಕ ಮಾತ್ರ, ಅಂದರೆ ಆಂಪಿಗೆ ಹೋಗೋ ಕರೆಂಟ್ ಒಂದು ಬಲ್ಬಿನ ಮೂಲಕವೇ ಹಾದು ಹೋಗಬೇಕು. ಹಳೇ ಕಾಲದ ತಂತಿ ಬಲ್ಬೇ ಬೇಕು, ಎಲ್‌ಇಡಿ ನಡೆಯಲ್ಲ. ಆನ್ ಮಾಡಿದಾಗ ಬಲ್ಬ್ ಒಮ್ಮೆ ಜೋರಾಗಿ ಹತ್ತಿ ಮಂಕಾದರೆ ಸರಿ. ಜೋರಾಗೇ ಉರೀತಿದ್ದರೆ ಒಳಗೆ ಶಾರ್ಟ್ ಇದೆ, ಆದರೆ ಬಲ್ಬ್ ಕರೆಂಟನ್ನು ತಡೆಯೋದರಿಂದ ಸಾಮಾನ್ಯವಾಗಿ ಏನೂ ಸುಡಲ್ಲ. ಈಗ ಫ್ಯೂಸ್ ಹೋಗಿರೋರು ಪವರ್ ಟ್ಯೂಬ್ ಕಿತ್ತಿಟ್ಟು, ಸರಿಯಾದ ಅಳತೆಯ ಫ್ಯೂಸನ್ನೇ ಹಾಕಿ ನೋಡಿ. ಆಗ ಫ್ಯೂಸ್ ನಿಂತರೆ ಟ್ಯೂಬ್ ಅಥವಾ ಬಯಾಸ್ ಕಡೆ ಹುಡುಕಿ. ಆಗಲೂ ಹೋದರೆ ಎಸಿಯನ್ನು ಡಿಸಿ ಮಾಡೋ ರೆಕ್ಟಿಫೈಯರ್, ಫಿಲ್ಟರ್ ಕೆಪಾಸಿಟರ್ ಅಥವಾ ಪವರ್ ಟ್ರಾನ್ಸ್‌ಫಾರ್ಮರ್. ಅಲ್ಲಿಗೆ ನಿಲ್ಲಿಸಿ ಗೊತ್ತಿರೋರ ಕೈಗೆ ಕೊಡಿ.

ನನ್ನ ಹೊಸ ಟ್ರಾನ್ಸ್‌ಫಾರ್ಮರ್ ಬರೋಕೆ ಇನ್ನೂ ಮೂರು ವಾರ. ಡಬ್ಬಿಯಲ್ಲಿದ್ದ 5 ಆಂಪಿಯರಿನ ಮಿಕ್ಕ ಫ್ಯೂಸುಗಳನ್ನು ಮೊನ್ನೆ ಎಸೆದೆ.