ಕೋಲಾರದಲ್ಲಿ ಜಿಮ್ ಹುಡುಕುತ್ತಿರುವ ಹೆಂಗಸರಿಗೆ: ಟೇಕಲ್ ರಸ್ತೆ ಜಿಮ್‌ನಲ್ಲಿ ನನ್ನ ಐದು ತಿಂಗಳು

ಟೇಕಲ್ ರಸ್ತೆಯಲ್ಲಿ ಮೆಡಿಕಲ್ ಶಾಪಿನ ಮೇಲಿರುವ ಸಣ್ಣ ಜಿಮ್ ಇದು. ಎಸಿ ಇಲ್ಲ, ಹೊಳೆಯುವ ಮಷೀನುಗಳಿಲ್ಲ. ಆದರೂ ಹೊಸದಾಗಿ ಶುರು ಮಾಡುವವರಿಗೆ ಇದನ್ನೇ ಹೇಳುತ್ತೇನೆ, ಯಾಕಂದ್ರೆ ಇಲ್ಲಿ ಪ್ರಶ್ನೆ ಕೇಳಿದರೆ ಉತ್ತರ ಕೊಡುತ್ತಾರೆ.

ನನಗೆ 39 ವರ್ಷ, ತೂಕ 62 ಕೆಜಿ. ಅಂತರಗಂಗೆ ಮೆಟ್ಟಿಲು ಅರ್ಧ ಹತ್ತುವಷ್ಟರಲ್ಲಿ ಕಾಲು ಸೋತು ಕೂತುಬಿಡುತ್ತಿದ್ದೆ, ಅದಕ್ಕೇ ಜಿಮ್ ಯೋಚನೆ ಬಂತು. ಮೊದಲು ಬೇರೆ ಕಡೆ ಸೇರಿದ್ದೆ, ಹೆಸರು ಬೇಡ. ಅಲ್ಲಿ ಮೊದಲ ದಿನವೇ ಪ್ರೋಟೀನ್ ಪೌಡರ್ ಡಬ್ಬಿ ಮುಂದಿಟ್ಟು, ಇದಿಲ್ಲದೆ ರಿಸಲ್ಟ್ ಬರಲ್ಲ ಮೇಡಂ ಅಂದರು. ಡಬ್ಬಿ ಮೇಲೆ ಆಹಾರ ಸುರಕ್ಷತೆಯ ಎಫ್‌ಎಸ್‌ಎಸ್‌ಎಐ ಲೈಸೆನ್ಸ್ ನಂಬರೂ ಇರಲಿಲ್ಲ. ಮೂರು ತಿಂಗಳ ಫೀಸು ಹೋಯಿತು, ಇವತ್ತಿಗೂ ಬೇಜಾರಿದೆ.

ಇಲ್ಲಿನ ಟ್ರೇನರ್ ಹುಡುಗ ಮೊದಲ ವಾರ ವೇಟ್ ಮುಟ್ಟಿಸಲೇ ಇಲ್ಲ. ಒಂದು ಕುರ್ಚಿ ಇಟ್ಟು, ಅಕ್ಕ ಕೂತು ಎದ್ದೇಳಿ, ಮಂಡಿ ಒಳಗೆ ಬಾಗಬಾರದು, ಹಿಮ್ಮಡಿ ಏಳಬಾರದು ಅಂತ ಪಕ್ಕದಲ್ಲೇ ನಿಂತು ನೋಡಿದ. ಆಮೇಲೆ 5 ಕೆಜಿ ಡಂಬೆಲ್ ಎದೆಗೆ ಹಿಡಿದು ಸ್ಕ್ವಾಟ್. ಈಗ 20 ಕೆಜಿ ಬಾರ್ ಹೆಗಲ ಮೇಲಿದೆ. ವಾರಕ್ಕೆ ಮೂರೇ ದಿನ, ಮಧ್ಯೆ ಒಂದೊಂದು ದಿನ ರೆಸ್ಟ್. ಮೂರು ಸೆಟ್ಟಲ್ಲೂ, ಅಂದ್ರೆ ಮೂರು ಸುತ್ತಲ್ಲೂ, 12 ಸಲ ಸರಿಯಾಗಿ ಬಂದರೆ ಮಾತ್ರ ತೂಕ ಏರಿಸು ಅನ್ನುವುದು ಅವನ ಲೆಕ್ಕ. ಎಲ್ಲವನ್ನೂ ಒಂದು ನೋಟ್‌ಬುಕ್ಕಲ್ಲಿ ಬರೆಸುತ್ತಾನೆ.

ವೇಟ್ ಎತ್ತಿದರೆ ಗಂಡಸರ ಥರ ಆಗ್ತೀನಾ ಅಂತ ನಮ್ಮತ್ತೆಗೂ ಭಯ, ನನಗೂ ಭಯ. ಮಸಲ್ ಬೆಳೆಸುವ ಟೆಸ್ಟೋಸ್ಟೆರಾನ್ ಹಾರ್ಮೋನು ಹೆಂಗಸರಲ್ಲಿ ತುಂಬಾ ಕಡಿಮೆ, ಅಷ್ಟು ದಪ್ಪ ಮಸಲ್ ಸುಮ್ನೆ ಬರಲ್ಲ ಅಂದ. ಐದು ತಿಂಗಳಾಯಿತು, ತೋಳು ಗಟ್ಟಿಯಾಗಿದೆ ಅಷ್ಟೇ. ಜಿಮ್ ಬಿಟ್ಟರೆ ಮಸಲ್ ಎಲ್ಲಾ ಕೊಬ್ಬಾಗುತ್ತಾ ಅಂತಲೂ ಕೇಳಿದೆ. ಆಗಲ್ಲ, ಎರಡೂ ಬೇರೆ ಬೇರೆ. ಹೊಟ್ಟೆಯ ಕೊಬ್ಬನ್ನು ಮಾತ್ರ ಕರಗಿಸುವ ವ್ಯಾಯಾಮ ಅಂತ ಯಾವುದೂ ಇಲ್ಲ. ಮೊದಲ ವಾರ ತೊಡೆ ಹಿಡಿದುಕೊಂಡು ಮೆಟ್ಟಿಲು ಇಳಿಯಲಾಗದಿದ್ದಾಗ ಹೆದರಿದ್ದೆ. ಎರಡನೇ ದಿನ ನೋವು ಜಾಸ್ತಿ, ಆಮೇಲೆ ತಾನಾಗೇ ಇಳಿಯುತ್ತೆ ಅಂದ, ಹಾಗೇ ಆಯಿತು.

ನನಗೆ ದೊಡ್ಡ ಚಿಂತೆ ಇದ್ದದ್ದು ಊಟದ್ದು. ಮುದ್ದೆ ಬಿಡಬೇಕಾ? ಬೇಡ ಅಂದ. ಆದರೆ 100 ಗ್ರಾಂ ರಾಗಿ ಹಿಟ್ಟಲ್ಲಿ ಪ್ರೋಟೀನ್ ಸುಮಾರು 7 ಗ್ರಾಂ ಅಷ್ಟೇ. ವೇಟ್ ಎತ್ತುವವರಿಗೆ ದೇಹದ ತೂಕದ ಪ್ರತಿ ಕೆಜಿಗೆ 1.6 ಗ್ರಾಂ ಅಂದ್ರೆ ನನಗೆ ದಿನಕ್ಕೆ 100 ಗ್ರಾಂ ಹತ್ತಿರ ಬೇಕು. ನಾನು ತಿನ್ನುವುದನ್ನು ಮೂರು ದಿನ ಬರೆಸಿ ನೋಡಿದ, 45 ದಾಟಿರಲಿಲ್ಲ. ಕಾರಣ ನಮ್ಮ ಬಸ್ಸಾರಲ್ಲೇ ಇತ್ತು. ಹುರಳಿ ಬೇಯಿಸಿ ಕಟ್ಟು ಬಸಿದು ಸಾರು ಮಾಡುತ್ತೇವೆ, ಪ್ರೋಟೀನ್ ಬಹುಪಾಲು ಕಾಳಲ್ಲೇ ಉಳಿಯುತ್ತೆ. ಆ ಕಾಳಿನ ಪಲ್ಯವನ್ನೆಲ್ಲ ಮಕ್ಕಳಿಗೆ, ಅವರಪ್ಪನಿಗೆ ಬಡಿಸಿ, ಕೊನೆಗೆ ನಾನು ಮುದ್ದೆ ಸಾರಲ್ಲೇ ಊಟ ಮುಗಿಸುತ್ತಿದ್ದೆ, ಇಷ್ಟು ವರ್ಷ ಹೀಗೇ. ಎಷ್ಟು ಮನೆಗಳಲ್ಲಿ ಇದೇ ಕಥೆ ಅಲ್ವಾ? ಈಗ ನನ್ನ ತಟ್ಟೆಗೆ ಮೊದಲು ಕಾಳು, ಆಮೇಲೆ ಮುದ್ದೆ. ಮೂರು ಮೊಟ್ಟೆಗೆ 18 ಗ್ರಾಂ, 50 ಗ್ರಾಂ ಸೋಯಾ ಚಂಕ್ಸ್‌ಗೆ 26, ಅರ್ಧ ಲೀಟರ್ ಹಾಲಿಗೆ 16, ಉಳಿದದ್ದು ಕಾಳು, ರಾಗಿ, ಅನ್ನದಿಂದ. ಅವರೆಕಾಯಿ ಕಾಲದಲ್ಲಿ ಇನ್ನೂ ಸುಲಭ.

ಪೌಡರ್ ಬೇಕೇ ಬೇಕಾ ಅಂದ್ರೆ ಬೇಡ, ಊಟದಲ್ಲಿ ಸಾಲದಿದ್ದರೆ ಮಾತ್ರ ಅಂದ. ವೇಟ್ ಎತ್ತುವ ಶಕ್ತಿಗೆ ಅಂತ ತೆಗೆದುಕೊಳ್ಳುವ ಕ್ರಿಯಾಟಿನ್ ಪೌಡರ್ ಬೇಕಿದ್ದವರಿಗೆ ದಿನಕ್ಕೆ 3ರಿಂದ 5 ಗ್ರಾಂ ಸಾಕಂತೆ. ಕಿಡ್ನಿ ತೊಂದರೆ ಇರುವವರು ಡಾಕ್ಟರನ್ನು ಕೇಳದೆ ಮುಟ್ಟಬೇಡಿ.

ಕೊರತೆಗಳೂ ಇವೆ. ಬಟ್ಟೆ ಬದಲಿಸುವ ರೂಮು ಒಂದೇ, ಚಿಲಕ ಸಡಿಲ. ಸಂಜೆ 6ರ ನಂತರ ಹುಡುಗರ ರಶ್, ಬಾರ್ ಸಿಗಲು ಕಾಯಬೇಕು. ತಿಂಗಳಿಗೆ 900 ರೂಪಾಯಿ, ಭಾನುವಾರ ರಜೆ. ಚಪ್ಪಟೆ ಸೋಲಿನ ಕ್ಯಾನ್ವಾಸ್ ಶೂ ಸಾಕು, ಟವೆಲ್ ನೀವೇ ತನ್ನಿ. ಹೆಂಗಸರ ಬ್ಯಾಚ್ ಬೆಳಿಗ್ಗೆ 10ಕ್ಕೆ ಮಾತ್ರ ಇದೆ, ಕೆಲಸಕ್ಕೆ ಹೋಗುವವರಿಗೆ ಅದು ಆಗಲ್ಲ. ಬೆಳಿಗ್ಗೆ 6ಕ್ಕೆ ಇನ್ನೊಂದು ಶುರು ಮಾಡಿ ಅಂತ ಎರಡು ಸಲ ಹೇಳಿದ್ದೇನೆ, ನಾಲ್ಕೈದು ಜನ ಬಂದು ಕೇಳಿದರೆ ಮಾಡ್ತೀವಿ ಅಂದಿದ್ದಾರೆ.