ಡಾಯ್ಚ್‌ಲಾಂಡ್ ಟಿಕೆಟ್: ಮೂರು ವರ್ಷ ಬಳಸಿದ ಮೇಲೆ

ಜರ್ಮನಿಯ ರೈಲು, ಬಸ್ಸುಗಳಲ್ಲಿ ನಡೆಯುವ ಡಾಯ್ಚ್‌ಲಾಂಡ್ ಟಿಕೆಟ್ ಶುರುವಾದ ದಿನವೇ, ಅಂದರೆ 2023ರ ಮೇ 1ಕ್ಕೇ, ನಾನೂ ನಮ್ಮವರೂ ಇಬ್ಬರೂ ತಗೊಂಡೆವು. ಅವತ್ತಿನಿಂದ ಒಂದು ತಿಂಗಳೂ ಬಿಟ್ಟಿಲ್ಲ. ನಾವಿರುವುದು ಮ್ಯೂನಿಕ್‌ನಲ್ಲಿ. ಹೊಸದಾಗಿ ಇಲ್ಲಿಗೆ ಬಂದ ನಮ್ಮ ಕಡೆಯವರು ಸಿಕ್ಕಾಗೆಲ್ಲ ಕೇಳುತ್ತಾರೆ: "ಆ ಟಿಕೆಟ್ ಇದ್ರೆ ವೀಕೆಂಡ್‌ನಲ್ಲಿ ಯುರೋಪೆಲ್ಲ ಸುತ್ತಬಹುದಂತೆ, ಹೌದಾ?" ಇಲ್ಲ, ಯುರೋಪೆಲ್ಲ ಆಗುವುದಿಲ್ಲ. ಆದರೆ ನಮ್ಮ ಶನಿವಾರ, ಭಾನುವಾರಗಳನ್ನು ಇದು ಪೂರ್ತಿ ಬದಲಾಯಿಸಿದೆ. ಅದಕ್ಕೇ ಕೂತು ಬರೆಯುತ್ತಿದ್ದೇನೆ. ನನ್ನ ಲೆಕ್ಕದಲ್ಲಿ ಐದಕ್ಕೆ ನಾಲ್ಕು ಸ್ಟಾರ್.

ಮೊದಲು ಇದೇನು ಅಂತ ಹೇಳಿಬಿಡುತ್ತೇನೆ. ತಿಂಗಳಿಗೊಮ್ಮೆ ದುಡ್ಡು ಕಟ್ಟಿದರೆ ಇಡೀ ಜರ್ಮನಿಯ ಲೋಕಲ್ ರೈಲು, ಮೆಟ್ರೋ, ಟ್ರಾಮ್, ಬಸ್ಸುಗಳಲ್ಲಿ ಓಡಾಡಬಹುದು. ಊರಿಂದೂರಿಗೆ ಹೋಗುವ ಆರ್‌ಇ, ಆರ್‌ಬಿ ರೈಲುಗಳೂ ಇದರಲ್ಲೇ ಬಂತು. ಐಸಿಇ, ಐಸಿ, ಇಸಿ ಅನ್ನುವ ದೂರದ ವೇಗದ ರೈಲುಗಳು ಬರುವುದಿಲ್ಲ. 2024ರಲ್ಲಿ ಅತ್ತೆ, ಮಾವ ದಾವಣಗೆರೆಯಿಂದ ಬಂದಿದ್ದರು. ಅವರಿಗೆ ನಾನು ಆರ್‌ಇ ಅಂದರೇನು, ಐಸಿಇ ಅಂದರೇನು ಅಂತ ಹೇಳುತ್ತಾ ಹೋದೆ. ಅತ್ತೆ ಅರ್ಧಕ್ಕೇ ತಡೆದು, "ನಮ್ಮ ಶಕ್ತಿ ಇದ್ದಂಗೆ ಬಿಡವ್ವ. ಕೆಂಪು ಬಸ್ ಹತ್ತಬಹುದು, ರಾಜಹಂಸ ಹತ್ತಂಗಿಲ್ಲ" ಅಂದರು. ಇದಕ್ಕಿಂತ ಚೆನ್ನಾಗಿ ನನಗೆ ಇವತ್ತಿಗೂ ಹೇಳಲು ಬಂದಿಲ್ಲ. ಎರಡೂ 2023ರ ಒಂದೇ ಬೇಸಿಗೆಯಲ್ಲಿ ಶುರುವಾದವು ಬೇರೆ. ಇದು ಮೇ 1ಕ್ಕೆ, ಶಕ್ತಿ ಜೂನ್ 11ಕ್ಕೆ. ಶಕ್ತಿ ಪುಕ್ಕಟೆ, ಇದಕ್ಕೆ ದುಡ್ಡು ಕೊಡಬೇಕು, ಅಷ್ಟೇ.

ಈ ಟಿಕೆಟ್ಟಿನ ನಿಜವಾದ ಲಾಭ ನನಗೆ ಗೊತ್ತಾಗಿದ್ದು ಮೂರನೇ ತಿಂಗಳಲ್ಲಿ, ದಾರಿ ತಪ್ಪಿದಾಗ.

ಜುಲೈನ ಒಂದು ಶನಿವಾರ ಟೇಗರ್ನ್‌ಸೇ ಸರೋವರ ನೋಡೋಣ ಅಂತ ಹೊರಟೆವು. ಮ್ಯೂನಿಕ್‌ನಿಂದ ಒಂದು ಗಂಟೆ ಚಿಲ್ಲರೆ ದಾರಿ. ಆ ರೈಲು ದಾರಿಯಲ್ಲಿ ಮೂರು ಭಾಗ ಆಗುತ್ತದೆ. ಹೋಲ್ಜ್‌ಕಿರ್ಖೆನ್‌ನಲ್ಲಿ ಒಂದು ಭಾಗ ಬೇರೆಯಾಗಿ ಬೈರಿಶ್‌ಸೆಲ್ ಕಡೆ ಹೋಗುತ್ತದೆ. ಶಾಫ್ಟ್‌ಲಾಖ್‌ನಲ್ಲಿ ಉಳಿದದ್ದು ಮತ್ತೆ ಎರಡಾಗಿ ಒಂದು ಟೇಗರ್ನ್‌ಸೇಗೆ, ಇನ್ನೊಂದು ಲೆಂಗ್‌ಗ್ರೀಸ್‌ಗೆ. ನಮಗೆ ಇದು ಗೊತ್ತಿರಲಿಲ್ಲ. ಖಾಲಿ ಸೀಟು ಕಂಡ ಡಬ್ಬಿ ಹತ್ತಿ ಕೂತಿದ್ದೆವು. ಶಾಫ್ಟ್‌ಲಾಖ್ ದಾಟಿದ ಮೇಲೆ ಮೇಲಿನ ಬೋರ್ಡ್ ನೋಡಿದರೆ ಮುಂದಿನ ದೊಡ್ಡ ಊರು ಬಾಡ್ ಟೋಲ್ಜ್ ಅಂತಿದೆ. ನಮ್ಮವರು ಫೋನ್ ತೆಗೆದು ವಾಪಸ್ ಹೋಗುವ ರೈಲು ಹುಡುಕತೊಡಗಿದರು. ನಾನು ಕಿಟಕಿ ನೋಡುತ್ತಿದ್ದೆ. ಹಸಿರು ಗುಡ್ಡ, ಹುಲ್ಲಿನ ಹೊರೆ, ಕೊರಳಲ್ಲಿ ಗಂಟೆ ಕಟ್ಟಿದ ಹಸುಗಳು. "ಸುಮ್ನೆ ಇದರಲ್ಲೇ ಹೋಗೋಣ್ವಾ?" ಅಂದೆ.

ಹೋದೆವು. ಲೆಂಗ್‌ಗ್ರೀಸ್ ಕೊನೆಯ ಸ್ಟೇಷನ್. ಅಲ್ಲಿಂದ ಸ್ವಲ್ಪ ನಡೆದರೆ ಇಸಾರ್ ನದಿ. ಮ್ಯೂನಿಕ್‌ನಲ್ಲಿ ದಿನಾ ಸೇತುವೆ ಮೇಲಿಂದ ನೋಡುವ ಅದೇ ನದಿ. ಇಲ್ಲಿ ಬಿಳಿ ಕಲ್ಲುಗಳ ಮಧ್ಯೆ ತೆಳುವಾಗಿ, ತಿಳಿ ಹಸಿರು ಬಣ್ಣದಲ್ಲಿ ಹರಿಯುತ್ತಿತ್ತು. ಬೂಟು ಬಿಚ್ಚಿ ಕಾಲು ಇಳಿಬಿಟ್ಟರೆ ನೀರು ಎಷ್ಟು ತಣ್ಣಗಿತ್ತೆಂದರೆ ಹತ್ತು ಎಣಿಸುವಷ್ಟರಲ್ಲಿ ಪಾದ ಮರಗಟ್ಟಿತು. ಕಲ್ಲಿನ ಮೇಲೆ ಕೂತು ಡಬ್ಬಿಯಲ್ಲಿದ್ದ ಚಿತ್ರಾನ್ನ ತಿಂದೆವು. ಟೇಗರ್ನ್‌ಸೇ ಮುಂದಿನ ವಾರ ನೋಡಿದೆವು. ಬೇರೆ ಟಿಕೆಟ್ ಆಗಿದ್ದರೆ ಇಳಿದು ಓಡುತ್ತಿದ್ದೆವು, ಅಲ್ವಾ? ದುಡ್ಡು ಕೊಟ್ಟಿದ್ದು ಒಂದು ಊರಿಗೆ, ಬಂದಿದ್ದು ಇನ್ನೊಂದು ಊರಿಗೆ ಅನ್ನುವ ಸಂಕಟ ಈ ಟಿಕೆಟ್ಟಿನಲ್ಲಿ ಇಲ್ಲ. ಅದಾದ ಮೇಲೆ ನಾವು ಎಷ್ಟೋ ಸಲ ಬೇಕಂತಲೇ ನಡುವೆ ಇಳಿದಿದ್ದೇವೆ. ಆಸ್ಟ್ರಿಯಾದ ಸಾಲ್ಜ್‌ಬರ್ಗ್‌ಗೆ ಹೊರಟಾಗ ಅಲ್ಲಿ ಮಳೆ ಅಂತ ಗೊತ್ತಾದರೆ ದಾರಿಯಲ್ಲಿ ಸಿಗುವ ಪ್ರೀನ್‌ನಲ್ಲಿ ಇಳಿದು ಕೀಮ್‌ಸೇ ಸರೋವರದ ಕಡೆ ನಡೆಯುತ್ತೇವೆ. ಮಧ್ಯಾಹ್ನಕ್ಕೇ ಸುಸ್ತಾದರೆ ಮಧ್ಯಾಹ್ನಕ್ಕೇ ವಾಪಸ್.

ಇನ್ನು ನಾವು ಮಾಡಿದ ತಪ್ಪು. ಮೊದಲ ಚಳಿಗಾಲದಲ್ಲಿ ಇದೇ ಟಿಕೆಟ್ಟಿನಲ್ಲಿ ಬರ್ಲಿನ್‌ಗೆ ಹೊರಟೆವು. ಐಸಿಇಯಲ್ಲಾದರೆ ನಾಲ್ಕು ಗಂಟೆಯ ದಾರಿ. ಲೋಕಲ್ ರೈಲುಗಳನ್ನು ಬದಲಾಯಿಸುತ್ತಾ ಹೋದರೆ ಹತ್ತು ಗಂಟೆ. ನಡುವೆ ಒಂದು ರೈಲು ತಪ್ಪಿ ಅದು ಹನ್ನೆರಡಾಯಿತು. ಶನಿವಾರ ರಾತ್ರಿ ತಲುಪಿ ಭಾನುವಾರ ಬೆಳಿಗ್ಗೆಯೇ ಹೊರಟುಬಂದೆವು. ಬರ್ಲಿನ್ ನೋಡಿದೆವು ಅನ್ನೋಕೂ ನಾಚಿಕೆ. ಅವತ್ತೇ ಒಂದು ನಿಯಮ ಮಾಡಿಕೊಂಡೆವು: ಈ ಟಿಕೆಟ್ ಮೂರು ಗಂಟೆಯ ಒಳಗಿನ ಊರುಗಳಿಗೆ ಮಾತ್ರ. ಅದಕ್ಕಿಂತ ದೂರ ಇದ್ದರೆ ತಿಂಗಳಿಗೆ ಮುಂಚೆ ಐಸಿಇಯ ಅಗ್ಗದ ಟಿಕೆಟ್ ಹುಡುಕುತ್ತೇವೆ.

ಮ್ಯೂನಿಕ್‌ನಿಂದ ಆ ಮೂರು ಗಂಟೆಯಲ್ಲಿ ಏನೇನಿದೆ ನೋಡಿ. ರೇಗೆನ್ಸ್‌ಬುರ್ಗ್, ನ್ಯೂರೆಂಬರ್ಗ್, ಪಾಸಾವ್, ಆಲ್ಪ್ಸ್ ಬುಡದ ಗಾರ್ಮಿಶ್. ಉಲ್ಮ್‌ನ ಚರ್ಚ್ ಗೋಪುರ 161.5 ಮೀಟರ್. 2025ರ ಅಕ್ಟೋಬರ್‌ನಲ್ಲಿ ಬಾರ್ಸಿಲೋನಾದ ಸಗ್ರಾದಾ ಫಮಿಲಿಯಾ ಮೀರಿಸುವ ತನಕ ಜಗತ್ತಿನಲ್ಲಿ ಅಷ್ಟೆತ್ತರದ ಚರ್ಚ್ ಇನ್ನೊಂದಿರಲಿಲ್ಲ. ಫ್ಯೂಸೆನ್‌ಗೆ ಎರಡು ಗಂಟೆ. ಅಲ್ಲಿಂದ ನೊಯ್‌ಶ್ವಾನ್‌ಸ್ಟೈನ್ ಕೋಟೆಯ ಬುಡಕ್ಕೆ ಹೋಗುವ ಬಸ್ಸೂ ಟಿಕೆಟ್ಟಿನಲ್ಲೇ ಬರುತ್ತದೆ. ಕೋಟೆಯ ಒಳಗೆ ಹೋಗುವ ಟಿಕೆಟ್ ಬೇರೆ, ಅದನ್ನು ಮೊದಲೇ ಆನ್‌ಲೈನ್‌ನಲ್ಲಿ ಬುಕ್ ಮಾಡಿ. 2025ರ ಜುಲೈನಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ ಮೇಲಂತೂ ಅಲ್ಲಿಗೆ ಸುಮ್ಮನೆ ಹೋಗಿ ನಿಂತರೆ ಪ್ರಯೋಜನ ಇಲ್ಲ.

ಗಡಿ ದಾಟುವ ವಿಷಯ ಸ್ವಲ್ಪ ಗಮನ ಕೊಟ್ಟು ಓದಿ. ಟಿಕೆಟ್ ಜರ್ಮನಿಯದ್ದಾದರೂ ಗಡಿಯಾಚೆಯ ಕೆಲವು ಸ್ಟೇಷನ್‌ಗಳ ತನಕ ನಡೆಯುತ್ತದೆ. ಆಸ್ಟ್ರಿಯಾದ ಸಾಲ್ಜ್‌ಬರ್ಗ್ ಮತ್ತು ಕುಫ್‌ಸ್ಟೈನ್ ನಮಗೆ ಹಾಗೆ ಸಿಕ್ಕ ಊರುಗಳು. ಸಾಲ್ಜ್‌ಬರ್ಗ್‌ಗೆ ಎರಡು ಗಂಟೆಯೊಳಗೆ ಹೋಗಿಬಿಡಬಹುದು. ಆದರೆ ಟಿಕೆಟ್ ನಡೆಯುವುದು ಸ್ಟೇಷನ್ ತನಕ ಮಾತ್ರ. ಊರೊಳಗಿನ ಬಸ್ಸಿಗೆ ಬೇರೆ ದುಡ್ಡು. ನಾವು ನಡೆದೇ ಹೋಗುತ್ತೇವೆ, ಮಿರಾಬೆಲ್ ತೋಟಕ್ಕೆ ಕಾಲು ಗಂಟೆ ಸಾಕು. ಇನ್ಸ್‌ಬ್ರುಕ್‌ಗೆ ಹೋಗುವುದಾದರೆ ಕುಫ್‌ಸ್ಟೈನ್‌ನಿಂದ ಮುಂದಕ್ಕೆ ಮಾತ್ರ ಟಿಕೆಟ್ ತಗೊಳ್ಳಿ.

ಪಾಸ್‌ಪೋರ್ಟ್ ಮತ್ತು ರೆಸಿಡೆನ್ಸ್ ಕಾರ್ಡ್ ಎರಡೂ ಕೈಯಲ್ಲಿರಲಿ. ಷೆಂಗೆನ್ ದೇಶಗಳ ನಡುವೆ ಗಡಿಯಲ್ಲಿ ಪಾಸ್‌ಪೋರ್ಟ್ ಕೇಳುವುದಿಲ್ಲ ಅಂತ ಮನೆಯಲ್ಲಿ ಬಿಟ್ಟು ಹೋಗಬೇಡಿ. ಸಾಲ್ಜ್‌ಬರ್ಗ್‌ನಿಂದ ವಾಪಸ್ ಬರುವಾಗ ಗಡಿಯ ಫ್ರೈಲಾಸಿಂಗ್ ಸ್ಟೇಷನ್‌ನಲ್ಲಿ ಪೊಲೀಸರು ರೈಲು ಹತ್ತುತ್ತಾರೆ. ನಮ್ಮನ್ನು ಕೇಳದೆ ಬಿಟ್ಟ ದಿನ ಕಡಿಮೆ.

ಎಲ್ಲದಕ್ಕಿಂತ ಖುಷಿ ಕೊಟ್ಟಿದ್ದು ಲಕ್ಸೆಂಬರ್ಗ್. ಮೂರು ಗಂಟೆಯ ನಿಯಮ ಮೀರಿ ಹೋದ ಊರು. ಆದರೆ ಪೂರ್ತಿ ಲೋಕಲ್ ರೈಲಿನಲ್ಲಿ ಹೋಗಲಿಲ್ಲ. ಶುಕ್ರವಾರ ಸಂಜೆ ಮನ್‌ಹೈಮ್ ತನಕ ಐಸಿಇ, ರಾತ್ರಿ ಅಲ್ಲೇ ಉಳಿದು, ಬೆಳಿಗ್ಗೆ ಟ್ರಿಯರ್ ತನಕ ಲೋಕಲ್ ರೈಲು. ಟ್ರಿಯರ್‌ನಲ್ಲಿ ರೋಮನ್ನರು ಕಟ್ಟಿದ ಪೋರ್ಟಾ ನೀಗ್ರಾ ಅನ್ನುವ ಕಪ್ಪು ಹೆಬ್ಬಾಗಿಲು ಇದೆ. ಹತ್ತಿರ ಹೋಗಿ ಕಲ್ಲು ಮುಟ್ಟಿ ನೋಡಿದರೆ ನಡುವೆ ಗಾರೆಯೇ ಇಲ್ಲ. ಭಾನುವಾರ ಅಲ್ಲಿಂದ ಲಕ್ಸೆಂಬರ್ಗ್‌ಗೆ ಸುಮಾರು ಒಂದು ಗಂಟೆ. ನಮ್ಮ ಟಿಕೆಟ್ ಗಡಿ ತನಕ. ಗಡಿ ದಾಟಿದ ಮೇಲೆ ಟಿಕೆಟ್ಟೇ ಬೇಡ. ಆ ದೇಶದಲ್ಲಿ 2020ರ ಫೆಬ್ರವರಿ 29ರಿಂದ ಬಸ್ಸು, ಟ್ರಾಮ್, ಸೆಕೆಂಡ್ ಕ್ಲಾಸ್ ರೈಲು ಎಲ್ಲವೂ ಎಲ್ಲರಿಗೂ ಪುಕ್ಕಟೆ, ನಮ್ಮಂಥ ಪ್ರವಾಸಿಗರಿಗೂ. ಟ್ರಾಮ್ ಹತ್ತಿದ ಮೇಲೆ ನಮ್ಮವರು ಅಭ್ಯಾಸಬಲದಿಂದ ಟಿಕೆಟ್ ಮಷೀನ್ ಹುಡುಕುತ್ತಿದ್ದರು.

ಈಗ ದುಡ್ಡಿನ ಮಾತು. ಶುರುವಿಗೆ 49 ಯೂರೋ ಇತ್ತು. 2025ರ ಜನವರಿಗೆ 58 ಆಯಿತು, 2026ರ ಜನವರಿಗೆ 63. 2025ರ ಕೊನೆ ತನಕ 32 ತಿಂಗಳಿಗೆ ನಾನು ಕಟ್ಟಿದ್ದು 1,676 ಯೂರೋ. ನಮ್ಮವರಿಗೆ ಆಫೀಸಿನಿಂದ ಜಾಬ್ ಟಿಕೆಟ್ ಸಿಗುತ್ತದೆ. ಕಂಪನಿ ಶೇ. 25 ಕೊಟ್ಟರೆ ಮೇಲೆ ಇನ್ನೂ ಶೇ. 5 ರಿಯಾಯಿತಿ ಇದೆ. ಹಾಗಾಗಿ ಅವರಿಗೆ ಅಷ್ಟೇ ತಿಂಗಳಿಗೆ 1,173 ಯೂರೋ ಆಗಿದೆ. ನಿಮ್ಮ ಆಫೀಸಿನಲ್ಲಿ ಕೇಳಿ ನೋಡಿ. ನನಗೆ ಆ ಸೌಲಭ್ಯ ಇಲ್ಲ, ಆದರೂ ದಿನಾ ಕೆಲಸಕ್ಕೆ ಮೆಟ್ರೋದಲ್ಲಿ ಹೋಗುವುದರಿಂದ ಲೆಕ್ಕ ಸರಿಹೋಗುತ್ತದೆ. ವಿಮಾನ ನಿಲ್ದಾಣಕ್ಕೆ ಹೋಗುವ ಎಸ್-ಬಾನ್ ಅನ್ನುವ ಲೋಕಲ್ ರೈಲು ಕೂಡ ಇದರಲ್ಲೇ ಸೇರಿದೆ.

ಆದರೆ ನೀವು ಆಫೀಸಿಗೆ ಸೈಕಲ್‌ನಲ್ಲಿ ಹೋಗುವವರು, ತಿಂಗಳಿಗೆ ಒಂದೋ ಎರಡೋ ಸಲ ಮಾತ್ರ ಹೊರಗೆ ಹೋಗುವವರು ಅಂದರೆ ಇದು ಬೇಡ. ಮ್ಯೂನಿಕ್ ಇರುವ ಬವೇರಿಯಾ ರಾಜ್ಯದಲ್ಲಿ ಇರುವವರು ಬಯರ್ನ್ ಟಿಕೆಟ್ ತಗೊಳ್ಳಿ. ಒಂದು ದಿನದ್ದು, ಐದು ಜನರ ತನಕ ಒಂದೇ ಟಿಕೆಟ್ಟಿನಲ್ಲಿ ಹೋಗಬಹುದು. ಶನಿವಾರ, ಭಾನುವಾರ ಮಧ್ಯರಾತ್ರಿಯಿಂದಲೇ ನಡೆಯುತ್ತದೆ, ವಾರದ ದಿನಗಳಲ್ಲಿ ಬೆಳಿಗ್ಗೆ ಒಂಬತ್ತರ ಮೇಲೆ. ಸಾಲ್ಜ್‌ಬರ್ಗ್‌ಗೂ ಹೋಗಬಹುದು. ಗುಂಪಾಗಿ ಹೋಗುವವರಿಗೆ ಅದೇ ಅಗ್ಗ.

ಒಂದು ಸ್ಟಾರ್ ಕಡಿಮೆ ಕೊಟ್ಟಿದ್ದಕ್ಕೆ ಕಾರಣಗಳಿವೆ. ಬಿಸಿಲು ಬಿದ್ದ ಶನಿವಾರ ಬೆಳಿಗ್ಗೆ ಎಂಟರಿಂದ ಹತ್ತರ ತನಕ ಗುಡ್ಡದ ಕಡೆಗೆ ಹೋಗುವ ರೈಲುಗಳಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಸೈಕಲ್ಲು, ನಾಯಿ, ಸ್ಕೀ ಎಲ್ಲದರ ಮಧ್ಯೆ ನಿಂತೇ ಹೋಗಬೇಕು. ಸೀಟು ಬುಕ್ ಮಾಡುವ ವ್ಯವಸ್ಥೆಯೂ ಈ ಟಿಕೆಟ್ಟಿನಲ್ಲಿ ಇಲ್ಲ. ಏಳು ಗಂಟೆಯ ರೈಲಿಗೆ ಹೋಗಿ, ಪ್ಲಾಟ್‌ಫಾರ್ಮಿನ ಕೊನೆಯಲ್ಲಿ ನಿಲ್ಲಿ. ಹಳಿ ರಿಪೇರಿ ಇದ್ದರೆ ರೈಲಿನ ಬದಲು ಬಸ್ಸು ಬಿಡುತ್ತಾರೆ. ಹೊರಡುವ ಹಿಂದಿನ ರಾತ್ರಿ ಒಮ್ಮೆ ನೋಡಿಕೊಳ್ಳಿ. ಮ್ಯೂನಿಕ್‌ನ ಎಸ್-ಬಾನ್‌ನಲ್ಲಿ ಟಾಯ್ಲೆಟ್ ಇಲ್ಲ. ವಯಸ್ಸಾದವರನ್ನು ಕರೆದುಕೊಂಡು ಹೋಗುವಾಗ ಇದು ದೊಡ್ಡ ವಿಷಯ.

ಟಿಕೆಟ್ ಇರುವುದು ಫೋನಿನಲ್ಲಿ. ಒಂದು ಸಂಜೆ ವಾಪಸ್ ಬರುವಾಗ ಫೋಟೋ ತೆಗೆದು ತೆಗೆದು ನನ್ನ ಫೋನ್ ಆಫ್ ಆಯ್ತು. ಅದೇ ಹೊತ್ತಿಗೆ ಚೆಕಿಂಗ್ ಬಂತು. 60 ಯೂರೋ ದಂಡದ ಚೀಟಿ ಬರೆದರು. ಆ ಚೀಟಿ ನೋಡಿ ಗಾಬರಿಯಾಗಬೇಡಿ. ನಿಮ್ಮ ಹೆಸರಿನಲ್ಲಿ ಟಿಕೆಟ್ ಇದ್ದರೆ ಆಮೇಲೆ ತೋರಿಸಬಹುದು, ಆಗ ಕಟ್ಟುವುದು 7 ಯೂರೋ. ಅವತ್ತಿನಿಂದ ಬ್ಯಾಗಿನಲ್ಲಿ ಪವರ್ ಬ್ಯಾಂಕ್ ಇದ್ದೇ ಇರುತ್ತದೆ.

ಇನ್ನೊಂದು ಮುಖ್ಯ ವಿಷಯ ಉಳಿಯಿತು. ಇದು ಒಂದು ತಿಂಗಳ ಪಾಸ್ ಅಲ್ಲ, ತಿಂಗಳು ತಿಂಗಳು ತಾನಾಗಿಯೇ ಮುಂದುವರಿಯುವ ಚಂದಾ. ನಿಲ್ಲಿಸಬೇಕಾದರೆ ಆ ತಿಂಗಳ 10ನೇ ತಾರೀಖಿನೊಳಗೆ ಹೇಳಬೇಕು. ಅತ್ತೆ, ಮಾವನಿಗೆ ಜೂನ್, ಜುಲೈ ಎರಡು ತಿಂಗಳಿಗೆ ಅಂತ ತಗೊಂಡಿದ್ದೆ. ರದ್ದು ಮಾಡಬೇಕು ಅಂತ ನೆನಪಾಗಿದ್ದು ಜುಲೈ 14ಕ್ಕೆ. ಆಗಸ್ಟ್‌ನಲ್ಲಿ ಅವರಿಬ್ಬರೂ ದಾವಣಗೆರೆಯ ಮನೆಯಲ್ಲಿದ್ದರು, ಇಲ್ಲಿ ಅವರ ಹೆಸರಿನಲ್ಲಿ 98 ಯೂರೋ ಕಟ್ಟಾಯಿತು. ಬೇರೆಯವರು ಬಳಸೋಣ ಅಂದರೆ ಅದೂ ಆಗುವುದಿಲ್ಲ, ಯಾರ ಹೆಸರಿದೆಯೋ ಅವರೇ ಬಳಸಬೇಕು.

ಅವರು ಈ ಮೇ ತಿಂಗಳಲ್ಲಿ ಮತ್ತೆ ಬರುತ್ತಿದ್ದಾರೆ. ಅತ್ತೆ ಈಗಲೇ ಫೋನಿನಲ್ಲಿ ಹೇಳಿದ್ದಾರೆ, ಕೋಟೆ ಗೀಟೆ ಸಾಕು, ಆ ತಣ್ಣೀರಿನ ಹೊಳೆಗೆ ಇನ್ನೊಂದು ಸಲ ಕರೆದುಕೊಂಡು ಹೋಗು ಅಂತ. ಲೆಂಗ್‌ಗ್ರೀಸ್ ಭಾಗದ ಡಬ್ಬಿ ಯಾವುದು ಅಂತ ಈಗ ನನಗೆ ಬಾಯಿಪಾಠ.