ಪೈಪ್ ಆರ್ಗನ್ ದುರಸ್ತಿಗೆ ಕೊಡುವ ಮುನ್ನ: ಮೈಸೂರಿನ ನಮ್ಮ ಚರ್ಚಿನಲ್ಲಿ ಆದದ್ದು

ಹಳೆಯ ಪೈಪ್ ಆರ್ಗನ್, ಅಂದರೆ ಕೀಲಿ ಒತ್ತಿದಾಗ ಸಾಲು ಸಾಲು ಕೊಳವೆಗಳಿಗೆ ಗಾಳಿ ನುಗ್ಗಿ ನುಡಿಯುವ ವಾದ್ಯ, ಇರುವ ಚರ್ಚುಗಳ ಸಮಿತಿಯವರು ಓದಲಿ ಎಂದು ಇದನ್ನು ಬರೆಯುತ್ತಿದ್ದೇನೆ. ಮೈಸೂರಿನ ನಮ್ಮ ಚರ್ಚಿನ ಆರ್ಗನ್ನಿನ 112 ಲೋಹದ ಕೊಳವೆಗಳ ತುದಿಯನ್ನು ಯಾವ ಅಗತ್ಯವೂ ಇಲ್ಲದೆ ಗರಗಸದಿಂದ ಕತ್ತರಿಸಲಾಗಿದೆ. ಆ ಕೆಲಸದ ಒಪ್ಪಂದಕ್ಕೆ ಸಹಿ ಹಾಕಿದ ಮೂವರಲ್ಲಿ ನಾನೂ ಒಬ್ಬ.

ಭಾನುವಾರದ ಆರಾಧನೆಯಲ್ಲಿ ಹಲವು ಕೀಲಿಗಳನ್ನು ಒಟ್ಟಿಗೆ ಒತ್ತಿದಾಗ ನಾದ ನಡುಗಿ ಕೆಳಕ್ಕೆ ಜಾರುತ್ತಿತ್ತು. ಪಕ್ಕದ ಎಲೆಕ್ಟ್ರಾನಿಕ್ ಕೀಬೋರ್ಡಿಗೂ ಅದಕ್ಕೂ ಶ್ರುತಿ ಕೂಡುತ್ತಿರಲಿಲ್ಲ. ಪಾಶ್ಚಾತ್ಯ ಸಂಗೀತವನ್ನು ಅಷ್ಟು ಅಕ್ಕರೆಯಿಂದ ಪೋಷಿಸಿದ ಜಯಚಾಮರಾಜ ಒಡೆಯರ ಊರಿನಲ್ಲಿ ಈ ವಾದ್ಯ ಬಲ್ಲವರು ಸಿಕ್ಕೇ ಸಿಗುತ್ತಾರೆಂದು ನಂಬಿ ವಿಚಾರಿಸಿದೆವು. ಪಿಯಾನೊ, ಹಾರ್ಮೋನಿಯಂ ದುರಸ್ತಿ ಮಾಡುವ ಒಂದು ಸಂಸ್ಥೆಯವರು ಮುಂದೆ ಬಂದರು. ಕ್ರಿಸ್ಮಸ್ಸಿನೊಳಗೆ ಮುಗಿಸಿಕೊಡುವುದಾಗಿ ಹೇಳಿ, ನಾಲ್ಕೂವರೆ ಲಕ್ಷಕ್ಕೆ ಒಪ್ಪಿ, ಮೂರು ಲಕ್ಷ ಮುಂಗಡ ಪಡೆದರು. ಇದಕ್ಕೆ ಮೊದಲು ಯಾವ ಪೈಪ್ ಆರ್ಗನ್ನನ್ನು ಬಿಚ್ಚಿ ಜೋಡಿಸಿದ್ದೀರಿ ಎಂದು ನಾವು ಯಾರೂ ಕೇಳಲಿಲ್ಲ.

ಕೊಳವೆ ಗಿಡ್ಡವಾದಷ್ಟೂ ಶ್ರುತಿ ಏರುತ್ತದೆ. ಆದರೆ ಶ್ರುತಿ ಉದ್ದವನ್ನು ಮಾತ್ರವಲ್ಲ, ಒಳಗೆ ಬರುವ ಗಾಳಿಯ ಒತ್ತಡವನ್ನೂ ಅವಲಂಬಿಸಿರುತ್ತದೆ. ಆ ಒತ್ತಡವನ್ನು ಕಾಯುವುದು ಕೆಳಗಿರುವ ದೊಡ್ಡ ತಿದಿ ಮತ್ತು ಅದರ ಮೇಲೆ ಹೇರಿದ ತೂಕ. ನಮ್ಮ ತಿದಿಯ ಮಡಿಕೆಗಳಲ್ಲಿ ಕುರಿಚರ್ಮ ಸವೆದು ಗಾಳಿ ಸೋರುತ್ತಿತ್ತು. ಶ್ರುತಿ ಇಳಿದದ್ದು ಆ ಕಾರಣಕ್ಕೆ. ಬಂದವರು ಗಾಳಿಯನ್ನು ಅಳೆಯಲಿಲ್ಲ. ಮೊಬೈಲಿನ ಶ್ರುತಿ ಆ್ಯಪನ್ನು ಕೊಳವೆಗಳ ಮುಂದೆ ಹಿಡಿದು, ಇಳಿದಿದೆ ಎಂದು ಕಂಡು, ಒಂದೊಂದನ್ನೂ ಮೋಟು ಮಾಡಿದರು. ಆಮೇಲೆ ತಿದಿಗೆ ರೆಕ್ಸಿನ್ ಹೊದಿಸಿದರು. ಸೋರಿಕೆ ನಿಂತಿತು, ಒತ್ತಡ ಮೊದಲಿನಂತಾಯಿತು, ಕತ್ತರಿಸಿದ ಕೊಳವೆಗಳೆಲ್ಲ ಕೀಬೋರ್ಡಿಗಿಂತ ಮೇಲಿನ ಶ್ರುತಿಯಲ್ಲಿ ಕಿರುಚತೊಡಗಿದವು. ಹವಾಮಾನಕ್ಕೆ ಹೊಂದಿಕೊಂಡರೆ ಸರಿಹೋಗುತ್ತದೆ ಎಂದು ಹೇಳಿ ಬಾಕಿ ಹಣ ಪಡೆದು ಹೊರಟರು. ಸೆಕೆಗೆ ಈ ಕೊಳವೆಗಳ ಶ್ರುತಿ ಏರುತ್ತದೆಯೇ ಹೊರತು ಇಳಿಯುವುದಿಲ್ಲ; ಅದು ಅಂದು ನಮಗೆ ತಿಳಿದಿದ್ದರೆ ಆ ಹಣವನ್ನಾದರೂ ತಡೆಹಿಡಿಯುತ್ತಿದ್ದೆವು.

ಏಪ್ರಿಲ್ ಹೊತ್ತಿಗೆ ಮಡಿಕೆಗಳಲ್ಲಿ ರೆಕ್ಸಿನ್ ಬಿರಿಯಿತು. ಮಂಡಿ ಮೊಹಲ್ಲಾದಲ್ಲಿ ಬೀಟೆ ಮರದ ಮೇಲೆ ಕುಸುರಿ ಕೆಲಸ ಮಾಡುವ ಹಿರಿಯರೊಬ್ಬರನ್ನು ಕರೆತಂದು ತೋರಿಸಿದೆವು. ಅವರು ಅಂಚಿನ ಅಂಟನ್ನು ಉಗುರಿನಿಂದ ಕೆರೆದು, ಮೂಸಿ ನೋಡಿ, "ಸ್ವಾಮಿ, ಹಳೇದು ಸರೇಸು. ಬಿಸಿನೀರು ಬಟ್ಟೆ ಇಟ್ರೆ ಬಿಡ್ತಿತ್ತು. ಇದನ್ನ ಬಿಡಿಸೋಕೆ ಹೋದ್ರೆ ಮರವೇ ಎದ್ದು ಬರುತ್ತೆ" ಎಂದರು. ಸರೇಸು ಎಂದರೆ ಪ್ರಾಣಿಗಳ ಚರ್ಮ, ಮೂಳೆಗಳಿಂದ ಮಾಡುವ ಅಂಟು; ರೆಕ್ಸಿನ್ನಿಗೆ ಹಾಕಿದ್ದು ಬೇರೆ ಅಂಟು. ಮುಂದಿನವರು ಬಿಚ್ಚಿ ಸರಿಪಡಿಸಲು ಬರುವಂತಹ ಅಂಟನ್ನೇ ಹಾಕಬೇಕೆಂಬ ಒಂದು ಸಾಲು ನಮ್ಮ ಒಪ್ಪಂದದಲ್ಲಿ ಇರಬೇಕಿತ್ತು.

ಕೊನೆಗೆ ಹೊರರಾಜ್ಯದಿಂದ ಬಂದ ಅನುಭವಿಯೊಬ್ಬರು ಬಾಗಿಸಿದ ಪಾರದರ್ಶಕ ನಳಿಕೆಯಲ್ಲಿ ನೀರು ತುಂಬಿ, ಒಂದು ತುದಿಯನ್ನು ಕೊಳವೆಗಳಿಗೆ ಗಾಳಿ ಹಂಚುವ ಗಾಳಿಪೆಟ್ಟಿಗೆಗೆ ಜೋಡಿಸಿದರು. ಎರಡು ಬದಿಯ ನೀರಿನ ಮಟ್ಟದ ಅಂತರವೇ ಗಾಳಿಯ ಒತ್ತಡದ ಅಳತೆ. ಕೀಲಿ ಮುಟ್ಟದಿದ್ದಾಗ ಅದು ಸುಮಾರು ಮೂರು ಇಂಚು. ಎರಡೂ ಕೈ ತುಂಬ ಕೀಲಿ ಒತ್ತಿದಾಗ ಅದು ಎರಡಕ್ಕೆ ಕುಸಿಯಿತು. ಐದು ನಿಮಿಷದ, ಖರ್ಚೇ ಇಲ್ಲದ ಪರೀಕ್ಷೆ ಅದು. ನಿಮ್ಮ ಆರ್ಗನ್ ನೋಡಲು ಬಂದವರು ಇದನ್ನು ಮಾಡದೆ ಕೊಳವೆಗೆ ಕೈ ಹಾಕಿದರೆ ದಯವಿಟ್ಟು ಅಲ್ಲೇ ತಡೆಯಿರಿ.

ಆ ಅನುಭವಿ ಕತ್ತರಿಸಿದ ಕೊಳವೆಯೊಂದನ್ನು ನನ್ನ ಕೈಗಿತ್ತರು. ಬಾಯಿಯ (ಬುಡದ ಬಳಿ ನಾದ ಹುಟ್ಟುವ ಸೀಳಿನ) ಮೇಲ್ಗಡೆ ತಯಾರಕರು ಗೀರಿದ ಸ್ವರದ ಗುರುತು ಹಾಗೇ ಇತ್ತು. ಕತ್ತರಿಸದೆ ಉಳಿದ ಇನ್ನೊಂದು ಕೊಳವೆಯ ತುದಿ, ದಶಕಗಳ ಕಾಲ ಶಂಕುವಿನಾಕಾರದ ಉಪಕರಣದಿಂದ ಮೆಲ್ಲಗೆ ತಟ್ಟಿ ಶ್ರುತಿ ಮಾಡಿದ್ದರಿಂದ, ನುಣುಪಾಗಿ ಒಳಕ್ಕೆ ಬಾಗಿತ್ತು. ನನ್ನ ಕೈಯಲ್ಲಿದ್ದದ್ದರ ತುದಿ ಹೊಳೆಯುತ್ತಿತ್ತು, ಬೆರಳಿಗೆ ತರಚುತ್ತಿತ್ತು. ತವರ ಮತ್ತು ಸೀಸದ ಈ ಮಿಶ್ರಲೋಹ ಬಹಳ ಮೆದು, ಬೇಗ ಕರಗುತ್ತದೆ. ಅದೇ ಲೋಹದ ಉಂಗುರಗಳನ್ನು ಒಂದೊಂದಾಗಿ ಬೆಸೆದು ಉದ್ದ ತುಂಬಿಸಬಲ್ಲ ಕೈಗಳು ಅಪರೂಪ. ಅದಕ್ಕೆ ಅವರು ಹೇಳಿದ ಅಂದಾಜು ನಾವು ಮೊದಲು ಕೊಟ್ಟ ಹಣದ ಎರಡು ಪಟ್ಟಿಗಿಂತ ಹೆಚ್ಚು.

ಕೆಲಸಕ್ಕೆ ಮೊದಲು ಪ್ರತಿ ಕೊಳವೆಯ ಉದ್ದವನ್ನು ಅಳೆದು ಬರೆದಿಟ್ಟುಕೊಳ್ಳಿ, ತಿದಿಯ ಮೇಲಿನ ತೂಕಗಳ ಸಹಿತ ಎಲ್ಲದರ ಫೋಟೊ ತೆಗೆಯಿರಿ. ನಮ್ಮಲ್ಲಿ ಆ ದಾಖಲೆ ಇಲ್ಲದ್ದರಿಂದ ಯಾವ ಕೊಳವೆ ಎಷ್ಟು ಉದ್ದವಿತ್ತೆಂಬುದನ್ನು ಈಗ ಲೆಕ್ಕ ಹಾಕಿ ಊಹಿಸಬೇಕಾಗಿದೆ. ಕತ್ತರಿಸಿ ಬಿದ್ದ ಚೂರುಗಳಲ್ಲಿ ಸಿಕ್ಕಷ್ಟನ್ನು ಕವರಿನಲ್ಲಿ ಕಟ್ಟಿ ಚರ್ಚಿನ ಬೀರುವಿನಲ್ಲಿಟ್ಟಿದ್ದೇವೆ. ಪೂರ್ತಿಯಾಗಿ ಗರಗಸದಿಂದ ಉಳಿದದ್ದು ಮರದ ಕೊಳವೆಗಳ ಒಂದು ಸಾಲು ಮಾತ್ರ; ಅವುಗಳ ತುದಿಗೆ ಬಿರಡೆಗಳಿವೆ, ಅವನ್ನು ಹಿಂದೆ ಮುಂದೆ ಸರಿಸಿ ಶ್ರುತಿ ಕೂಡಿಸಬಹುದು. ಈಗ ಆರಾಧನೆಯಲ್ಲಿ ನುಡಿಯುತ್ತಿರುವುದು ಆ ಸಾಲೊಂದೇ.